ಅತ್ತೆಯ ಫೋನಿನಿಂದ ಹೋದ ಪ್ರಾರ್ಥನೆ

ನನಗೊಂದು ಸಣ್ಣ ಭಯವಿದೆ. ಹೇಳಿಕೊಳ್ಳುವಷ್ಟು ದೊಡ್ಡದಲ್ಲ: ಹೀಗೇ ಇದ್ದರೆ ಮಾತಾಡುವುದೇ ಮರೆತುಹೋಗುತ್ತದೇನೋ ಅಂತ. ರಾಜ್ಯಶಾಸ್ತ್ರದಲ್ಲಿ ಪದವಿ ಮಾಡಿದವಳು ನಾನು. ಸರ್ಕಾರ ಬೀಳುವುದು ಹೇಗೆ, ಏಳುವುದು ಹೇಗೆ ಅಂತ ನಿದ್ದೆಗಣ್ಣಲ್ಲೂ ಬರೆದೇನು. ಆದರೆ ಯಾರಾದರೂ ಮುಖ ನೋಡಿ "ಚೆನ್ನಾಗಿದ್ದೀಯೇನಮ್ಮಾ?" ಅಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮದುವೆಯಾದ ಈ ಎಂಟು ತಿಂಗಳಲ್ಲಿ ಚರ್ಚಿನ ಹೆಂಗಸರ ಮುಂದೆ ನಾನು ಆಡಿದ್ದು ಲೆಕ್ಕವಿಲ್ಲದಷ್ಟು ಆಮೆನ್, ಎರಡು ಸಲ "ಸಕ್ಕರೆ ಸಾಕು". ಉಳಿದದ್ದೆಲ್ಲ ಡೈರಿಗೆ.

ಬಾಯಿ ಹೀಗಿದ್ದರೂ ಬೆರಳು ಚುರುಕು. ಅದಕ್ಕೇ ಅತ್ತೆಯ ಫೋನಿನ ಉಸ್ತುವಾರಿ ನನ್ನದು. ಅವರಿಗೆ ಕಣ್ಣು ಮಂಜು. ಕನ್ನಡಕ ಹಾಕಿದರೆ ಮುದುಕಿ ಹಾಗೆ ಕಾಣ್ತೀನಿ ಅಂತ ಅರವತ್ತೇಳನೇ ವಯಸ್ಸಿನಲ್ಲಿ ಹಟ.

ನಮ್ಮ ಚರ್ಚಿನ ಹೆಂಗಸರ ಗುಂಪಿನಲ್ಲಿ ಒಂದು ಪದ್ಧತಿ. ವಾರವಿಡೀ ಒಬ್ಬೊಬ್ಬರು ಲೋಕದ ಸುದ್ದಿಯಿಂದ ಒಂದೊಂದು ಪ್ರಾರ್ಥನೆಯ ವಿಷಯವನ್ನು ಫೋನಿನಲ್ಲಿ ಹಾಕಬೇಕು. ಬುಧವಾರ ಎಲ್ಲರೂ ಚರ್ಚಿನ ಹಿಂದಿನ ಹಾಲಿನಲ್ಲಿ ಕೂತು ಅದನ್ನೆಲ್ಲ ದೇವರಿಗೆ ಒಪ್ಪಿಸಬೇಕು. ಸುದ್ದಿ ನಿಜವೋ ಸುಳ್ಳೋ ಅಂತ ಕೇಳುವವರಿಲ್ಲ. ಒಮ್ಮೆ ಒಂಬತ್ತು ವರ್ಷ ಹಳೆಯ ಪ್ರವಾಹಕ್ಕೆ ಮೊಣಕಾಲೂರಿ ಅತ್ತಿದ್ದೇವೆ. ಇನ್ನೊಮ್ಮೆ ಯಾವನೋ ನಟ ಹಾಸಿಗೆಯಿಂದೇಳಲಿ ಅಂತ ಎರಡು ವಾರ ಬೇಡಿಕೊಂಡೆವು. ಅವನು ಹಿಂದಿನ ವರ್ಷವೇ ಸತ್ತಿದ್ದ. ಮೇಲಿರುವವನಿಗೆ ಎಷ್ಟು ಮುಜುಗರವಾಯಿತೋ! ಇಲ್ಲ ಅನ್ನಲಾರ, ಎಬ್ಬಿಸಿ ಕಳಿಸಲೂ ಆರ.

ಸೋಮವಾರ ಬೆಳಿಗ್ಗೆ ನಾನು ಹಿಟ್ಟು ಕಲಸುತ್ತಿದ್ದೆ. ಅತ್ತೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟರು.

"ಇವತ್ತು ನನ್ನ ಸರದಿ ಕಣೇ. ಏನಾದ್ರೂ ಒಳ್ಳೇದು ನೋಡಿ ಹಾಕು. ಕಳೆದ ಸಲ ಹಾಕಿದ್ದು ತೀರಾ ಸಪ್ಪೆ ಆಗಿತ್ತು. ಬೆಲೆ ಇಳೀಲಿ ಅಂತ ಯಾರಾದ್ರೂ ಕಣ್ಣೀರು ಹಾಕ್ತಾರಾ?"

ಅತ್ತೆಯ ದೊಡ್ಡಮ್ಮನ ಮಗಳು ಬೇರೆ ಊರಿನಿಂದ ಕಳಿಸಿದ್ದೊಂದು ಮೇಲೇ ಇತ್ತು: "ಐದು ಮಕ್ಕಳು ಆಸ್ಪತ್ರೆಯಲ್ಲಿ, ಒಂದು ಮಗು ಪ್ರಾಣಾಪಾಯದಲ್ಲಿ. ದಯವಿಟ್ಟು ಪ್ರಾರ್ಥಿಸಿ…" ಅದರ ಕೆಳಗೆ "ಇನ್ನಷ್ಟು ಓದಿ" ಅಂತಿತ್ತು. ಇನ್ನಷ್ಟು ಓದಲು ಕೈ ತೊಳೆಯಬೇಕು. ಹಿಟ್ಟು ಹತ್ತದೆ ಉಳಿದಿದ್ದ ಕಿರುಬೆರಳಲ್ಲಿ ಒತ್ತಿ ಗುಂಪಿಗೆ ಕಳಿಸಿಬಿಟ್ಟೆ. ಎರಡೇ ನಿಮಿಷದಲ್ಲಿ ಹದಿನೇಳು ಜೋಡಿ ಕೈಮುಗಿದ ಚಿತ್ರ ಬಂದವು. ಅತ್ತೆ ಆ ದಿನವೆಲ್ಲ ಎರಡು ಅಂಗುಲ ಎತ್ತರವಾಗಿ ಓಡಾಡಿದರು.

ಮಂಗಳವಾರ ಬ್ರೆಡ್ ತರಲು ಚೀಲ ಹಿಡಿದು ಹೊರಟೆ.

"ಎಲ್ಲಿಗೆ? ಮೂಲೆ ಬೇಕರಿಗಾ? ತಲೆ ನೆಟ್ಟಗಿದೆಯಾ ನಿಂಗೆ?"

"ಯಾಕತ್ತೆ?"

"ಯಾಕಂತೆ! ನಾನೇ ಗುಂಪಿಗೆ ಹಾಕಿದ್ನಲ್ಲೇ. ಅಲ್ಲಿನ ಕ್ರೀಮ್ ಬನ್ ತಿಂದು ಐದು ಮಕ್ಕಳು ಮಲಗಿದಾವಂತೆ. ಟೀಚರಮ್ಮ ಫೋನ್ ಮಾಡಿ ಹೇಳಿದ್ರು."

ಅತ್ತೆಯ ಫೋನೆತ್ತಿಕೊಂಡೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪೂರ್ತಿ ಓದಿದೆ. "ನಮ್ಮ ಊರಿನ ಮೂಲೆ ಬೇಕರಿ" ಅಂತಿತ್ತು. ಯಾವ ಊರು ಅಂತಿರಲಿಲ್ಲ. ಬೇಕರಿಯಿಲ್ಲದ ಮೂಲೆ ಯಾವ ಊರಲ್ಲಿದೆ? ಹುಡುಕಿದೆ. ಅದೇ ಐದು ಮಕ್ಕಳು ಮೂರು ವರ್ಷದ ಹಿಂದೆ ಇನ್ನೆಲ್ಲೋ ಐಸ್‌ಕ್ರೀಮ್ ತಿಂದು ಮಲಗಿದ್ದರು. ಈ ಉರಿಬಿಸಿಲಿನಲ್ಲಿ ಸುದ್ದಿಯ ಜೊತೆಗಿದ್ದ ಚಿತ್ರದ ಮಕ್ಕಳೆಲ್ಲ ಸ್ವೆಟರ್ ಹಾಕಿಕೊಂಡಿದ್ದರು. ಮೂರು ದಿನದ ಪತ್ರಿಕೆ ಮೂಲೆಮೂಲೆ ತಿರುವಿದೆ. ಒಂದು ಸಾಲೂ ಇಲ್ಲ. ಕೊನೆಗೆ ಆಸ್ಪತ್ರೆಗೆ ಫೋನು. ಏನು ಹೇಳಬೇಕೆಂದು ಮೊದಲು ಚೀಟಿಯಲ್ಲಿ ಬರೆದುಕೊಂಡೆ, "ನಮಸ್ಕಾರ" ಸೇರಿಸಿ.

"ಅಂಥಾ ಮಕ್ಕಳು ಯಾರೂ ಇಲ್ಲಮ್ಮಾ," ಅಂದಳು ಆ ಕಡೆಯವಳು, ಬೇಸತ್ತು. "ನಿಮ್ಮದು ಒಂಬತ್ತನೇ ಫೋನು. ಮಕ್ಕಳು ಸಿಕ್ಕರೆ ನಾನೇ ಕರೆದು ಹೇಳ್ತೀನಿ, ಇಡಿ."

ಇನ್ನು ಈ ಲೋಕದ ಸುದ್ದಿಯ ಸಹವಾಸವೇ ಬೇಡ ಅಂತ ಡೈರಿಯಲ್ಲಿ ಬರೆದೆ. ಅದೂ ಒಂದು ಭಕ್ತಿಯೇ ತಾನೆ? ಬರೆದು ಮುಗಿಸುವಷ್ಟರಲ್ಲಿ ನನಗೇ ನಗು ಬಂತು. ಈ ಅನಾಹುತವಾಗಿದ್ದು ನಾನು ಸುದ್ದಿ ಓದಿದ್ದಕ್ಕಲ್ಲ, ಓದದೇ ಇದ್ದದ್ದಕ್ಕೆ. ಆ ಸಾಲು ಹೊಡೆದುಹಾಕಿದೆ.

ಅತ್ತೆಗೆ ಹೇಳೋಣವೆಂದು ಅಡುಗೆಮನೆಗೆ ಹೋದೆ. "ಅತ್ತೆ, ಅದು…"

"ಉಪ್ಪು ಮುಗೀತಾ? ಡಬ್ಬಿ ಹಿಂದೆ ಇನ್ನೊಂದಿದೆ ನೋಡು."

ನೋಡಿದೆ. ಇತ್ತು.

ಬುಧವಾರ ಬೆಳಿಗ್ಗೆ ನಮ್ಮನೆಯವರಿಗೆ ಮಾತ್ರ ಎಲ್ಲ ಹೇಳಿದೆ. ಅವರು ಶೂ ಲೇಸು ಕಟ್ಟುತ್ತಾ ಅಂದರು: "ಅಮ್ಮನ ಫೋನಿಂದ ತಾನೇ ಹೋಗಿದ್ದು? ಅಮ್ಮನ ತಲೆಮೇಲೇ ಇರ್ಲಿ ಬಿಡು. ಅಮ್ಮನ್ನ ಕೇಳೋ ಧೈರ್ಯ ಯಾರಿಗಿದೆ ಈ ಊರಲ್ಲಿ?"

ಅದು ನಿಜ. ನನ್ನ ಪಾಪ ಹೊರಲು ನಮ್ಮ ಮನೆಯಲ್ಲೇ ಒಬ್ಬರು ಸಿಕ್ಕಿದ್ದರು. ಹೊತ್ತಿದ್ದೇನೆ ಅಂತ ಅವರಿಗೇ ಗೊತ್ತಿಲ್ಲ. ಇಷ್ಟು ಸಲೀಸಾದ ವಿಮೋಚನೆ ಕರ್ತನೂ ಕೊಟ್ಟಿರಲಾರ.

ಚರ್ಚಿನ ಹಾಲಿಗೆ ಹೋಗುವಾಗ ಬೇಕರಿ ದಾಟಿಯೇ ಹೋಗಬೇಕು. ಗಾಜಿನ ಪೆಟ್ಟಿಗೆ ತುಂಬಾ ಬನ್ನು. ಬೇಕರಿಯವರು ಬಟ್ಟೆಯಿಂದ ಗಾಜು ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ನಾನು ಚಪ್ಪಲಿ ನೋಡಿಕೊಂಡು ನಡೆದೆ.

ಅವರ ಹೆಂಡತಿ ಬೇಕರಿಯಮ್ಮ ನಮ್ಮ ಗುಂಪಿನವರೇ. ಆದರೆ ಅವರದು ಗುಂಡಿ ಒತ್ತುವ ಹಳೇ ಫೋನು. ನಮ್ಮ ಸುದ್ದಿ ಯಾವುದೂ ಅದರೊಳಗೆ ಹೋಗುವುದಿಲ್ಲ. ಎಂದಿನ ಹಾಗೆ ಟೀಗೆಂದು ಒಂದು ತಟ್ಟೆ ಬನ್ನು ತಂದಿದ್ದರು, ಇನ್ನೂ ಬಿಸಿಯಾಗಿದ್ದವು.

"ಅಯ್ಯೋ, ನಂಗೆ ಸಕ್ಕರೆ ಕಾಯಿಲೆ ಶುರುವಾಗಿದೆ," ಅಂದರು ಒಬ್ಬರು.

"ನಂಗಿವತ್ತು ಉಪವಾಸ," ಅಂದರು ಇನ್ನೊಬ್ಬರು, ಬಿಸ್ಕತ್ತು ಅದ್ದಿದ ಟೀ ಕುಡಿಯುತ್ತಾ.

ಅರ್ಧ ಗಂಟೆಯಲ್ಲಿ ಒಂದಿಡೀ ಚರ್ಚಿಗೆ ಸಕ್ಕರೆ ಕಾಯಿಲೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಬೇಕರಿಯಮ್ಮ ತಟ್ಟೆ ಹಿಡಿದು ಒಂದು ಸುತ್ತು ಬಂದು, ತಟ್ಟೆಗೆ ಬಟ್ಟೆ ಮುಚ್ಚಿ ಕಿಟಕಿಯ ಮೇಲಿಟ್ಟರು.

ಪ್ರಾರ್ಥನೆ ಟೀಚರಮ್ಮನದು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಅವರು ದೇವರಿಗೆ ಪಾಠ ಒಪ್ಪಿಸುವುದು ಬಿಟ್ಟಿಲ್ಲ. ಆತನಿಗೆ ಪತ್ರಿಕೆ ತಡವಾಗಿ ಸಿಗುತ್ತದೇನೋ ಎಂಬಂತೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. "ಆ ಐದು ಹಸುಳೆಗಳನ್ನು ಮುಟ್ಟು ಕರ್ತನೇ. ಲಾಭದ ಆಸೆಗೆ ಮಕ್ಕಳ ಹೊಟ್ಟೆಗೆ ವಿಷ ಹಾಕುವವರ ಕಲ್ಲು ಹೃದಯ ಕರಗಿಸು."

"ಆಮೆನ್!" ಎಲ್ಲರಿಗಿಂತ ಜೋರಾಗಿ ಅಂದದ್ದು ಬೇಕರಿಯಮ್ಮ. ಪಾಪ, ಅವರ ಕಣ್ಣಲ್ಲಿ ನೀರಿತ್ತು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇನ್ಯಾರದ್ದಾದ್ರೂ ವಿಷಯ ಇದೆಯಾ?" ಅಂದರು ಟೀಚರಮ್ಮ.

ಬೇಕರಿಯಮ್ಮ ಸೆರಗು ಹೊದ್ದುಕೊಂಡು ಎದ್ದರು. "ನಂದೊಂದಿದೆ, ಅಕ್ಕಾ. ಮೂರು ದಿನದಿಂದ ನಮ್ಮಂಗಡಿಗೆ ಒಂದು ನರಪಿಳ್ಳೆ ಬರ್ತಿಲ್ಲ. ದಿನಾ ಬರೋರೂ ಆ ಕಡೆ ರಸ್ತೇಲಿ ಹೋಗ್ತಾರೆ. ಹಿಟ್ಟು ಅದೇ, ಕೈ ಅದೇ. ಇವರು ಊಟ ಬಿಟ್ಟಿದಾರೆ. ಹೀಗೇ ಆದ್ರೆ ಶನಿವಾರ ಒಲೆ ಆರಿಸಿ ಬಾಗಿಲು ಹಾಕಿಬಿಡೋಣ ಅಂತಾರೆ. ನಾವೇನು ತಪ್ಪು ಮಾಡಿದೀವಿ ಅಂತ ದೇವರು ತಿಳಿಸ್ಲಿ. ಅಷ್ಟೇ ಬೇಡ್ಕೊಳ್ಳಿ."

ಟೀಚರಮ್ಮ ತಮ್ಮ ಚೀಟಿ ಮಡಿಸಿದರು, ಬಿಚ್ಚಿದರು.

ಅತ್ತೆ ಗಂಟಲು ಸರಿಮಾಡಿಕೊಂಡರು. ಸುದ್ದಿ ತಮ್ಮದೆಂಬ ಭಾರ ಅವರ ಬೆನ್ನಲ್ಲಿ ಕಾಣುತ್ತಿತ್ತು. "ನೋಡಮ್ಮಾ, ದೇವರು ಸುಮ್ಮನೆ ಏನನ್ನೂ ಮಾಡಲ್ಲ. ನಾನೂ ನೋಡದೇ ಕೇಳದೇ ಯಾವುದನ್ನೂ…"

ಮುಂದಿನ ಮಾತು ಅವರ ಬಾಯಿಂದ ಬಂದರೆ ಆ ಸುಳ್ಳು ಅವರದೇ ಆಗಿಬಿಡುತ್ತಿತ್ತು, ಬೇಕರಿಯಮ್ಮನ ಒಲೆಯೂ ಆರುತ್ತಿತ್ತು. ನನಗೆ ಗೊತ್ತಿಲ್ಲದೆಯೇ ನಾನು ಎದ್ದು ನಿಂತಿದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಹದಿನೇಳು ಮುಖ ತಿರುಗಿದವು. ಬರೆದುಕೊಂಡ ಚೀಟಿಯೂ ಈ ಸಲ ಇರಲಿಲ್ಲ.

"ಕೂತ್ಕೊಳ್ಳೇ, ಏನಾಯ್ತು?" ಅಂದರು ಅತ್ತೆ.

ನಾನು ಬೇಕರಿಯಮ್ಮನನ್ನೇ ನೋಡಿದೆ.

"ಆಂಟಿ, ನೀವೇನೂ ತಪ್ಪು ಮಾಡಿಲ್ಲ. ನಿಮ್ಮ ಬನ್ ತಿಂದು ಮಕ್ಕಳು ಆಸ್ಪತ್ರೆ ಸೇರಿದಾರೆ ಅಂತ ಒಂದು ಸುಳ್ಳು ಸುದ್ದಿ ಹಬ್ಬಿದೆ. ಅದನ್ನ ಅತ್ತೆ ಫೋನಿಂದ ಎಲ್ಲರಿಗೂ ಕಳಿಸಿದ್ದು ನಾನು. ಪೂರ್ತಿ ಓದದೇ ಕಳಿಸಿದೆ."