ಒಳಗಿನ ಹಲಗೆ

ತಾನೇ ಮಾಡಿದ ಕಪಾಟಿನ ಬಾಗಿಲು ತೆರೆದ ಬಡಿಗ ಬಂದೇಸಾಬ ಎಳೆದುಕೊಂಡ ಉಸಿರನ್ನು ಹಾಗೆಯೇ ಹಿಡಿದು ನಿಂತ. ದೇವದಾರಿನ ವಾಸನೆಯೇ ಇಲ್ಲ, ಬರೀ ಪಾಲಿಶಿನ ಘಾಟು. ನಿನ್ನೆ ಹೊರಗಡೆ ಪಾಲಿಶ್ ಹಚ್ಚುತ್ತ ಹಚ್ಚುತ್ತ ಅರಿವೆ ಹಿಡಿದ ಕೈ ತನ್ನ ಪಾಡಿಗೆ ಒಳಗಿನ ಹಲಗೆಗಳಿಗೂ ಹೋಗಿಬಿಟ್ಟಿತ್ತು. ನಲವತ್ತು ವರ್ಷ ಸಾಗವಾನಿ ಕೆಲಸ ಮಾಡಿದ ಕೈ. ಬರಿಮರ ಕಂಡರೆ ಅದಕ್ಕೆ ಸಮಾಧಾನವಿಲ್ಲ.

ಒಳಗೆ ಏನೂ ಹಚ್ಚಬೇಡಿರೆಂದು ಮನೆಯೊಡತಿ ತನುಜಾ ಮೂರು ಸಲ ಹೇಳಿದ್ದಳು. ಅವಳ ಅತ್ತೆ ವೀರವ್ವನ ಇಳಕಲ್ ಸೀರೆಗಳನ್ನು ನುಸಿ ತಿಂದಿತ್ತು. ಡಾಂಬರ ಗುಳಿಗೆ ಇಟ್ಟರೆ ಮುದುಕಿಗೆ ದಮ್ಮು ಏಳುತ್ತಿತ್ತು. ಅದಕ್ಕೇ ಶಿಗ್ಗಾವಿಯ ಈ ಹೊಸ ಮನೆಗೆ ದೇವದಾರು ತರಿಸಿದ್ದು. ಆ ಮರದ ವಾಸನೆಗೆ ಹುಳ ಹತ್ತಿರ ಸುಳಿಯುವುದಿಲ್ಲವೆಂದು ಹೇಳಿ ಒಪ್ಪಿಸಿದವನು ಬಂದೇಸಾಬನೇ. ಈಗ ಅತ್ತೆ-ಸೊಸೆ ಸೀರೆಯ ಟ್ರಂಕಿನೊಂದಿಗೆ ತಮ್ಮ ಊರು ಹಿರೇಬೆಂಡಿಗೇರಿ ಬಿಟ್ಟಿದ್ದಾರೆಂದು ಫೋನು ಬಂದಿತ್ತು.

ಬಾಗಿಲು ಮುಚ್ಚಿ ತನ್ನೂರು ಸವಣೂರಿನ ಬಸ್ಸು ಹತ್ತಬಹುದಿತ್ತು. ಆದರೆ ವಾಸನೆ ಬಾರದಿದ್ದರೆ ಅವರು ಮರವೇ ಖೊಟ್ಟಿ ಅನ್ನುವರು. ಆ ಮಾತು ಒಮ್ಮೆ ಹಬ್ಬಿತೆಂದರೆ ಈ ಊರಲ್ಲಿ ಒಂದು ಹೊಸ್ತಿಲು ಕೂರಿಸಲೂ ಅವನನ್ನು ಯಾರೂ ಕರೆಯುವುದಿಲ್ಲ. ಪಾಲಿಶ್ ಹೆರೆದು ತೆಗೆಯಲೆಂದು ಅವನು ಒಳಗಿನ ಹಲಗೆಗಳ ಸ್ಕ್ರೂ ಬಿಚ್ಚತೊಡಗಿದ. ಎರಡು ಹಲಗೆ ಕೈಗೆ ಬರುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ಕೋಣೆಯ ಬಾಗಿಲಲ್ಲೇ ವೀರವ್ವ ಸೆರಗನ್ನು ಮೂಗಿಗೆ ಹಿಡಿದು ಕೆಮ್ಮಿದಳು. ತನುಜಾ ಬಿಚ್ಚಿದ ಹಲಗೆ ನೋಡಿದಳು, ಅವನ ಮುಖ ನೋಡಿದಳು.

"ಕಾಕಾ, ಇದು ಖರೇ ದೇವದಾರು ಹೌದಲ್ರಿ?"

"ಕಟಗಿ ಖರೇ ಐತ್ರಿ ಯವ್ವಾ. ಕೈ ನಂದ ತಪ್ಪೇತಿ. ಒಳಗೂ ಪಾಲಿಶ್ ಹಚ್ಚಿಬಿಟ್ಟೇನಿ."

"ಅದೇನ ಮದಲಗಿತ್ತಿ ಏನೋ, ಸಂದಿಗೊಂದಿ ಬಿಡದಂಗ ಅರಿಷಿಣ ಹಚ್ಚಾಕ?" ಎಂದಳು ವೀರವ್ವ. ನಗಲಿಲ್ಲ. "ಖರೇ ಅಂತ ನೀ ಅಂದ್ರ ಆತೇನು? ತೋರಸು."

ಅವನು ಹಲಗೆಯನ್ನು ನೆಲಕ್ಕೆ ಹಾಕಿ, ಕಾಲಿಂದ ಒತ್ತಿ ಹಿಡಿದು ಮರ ಹೆರೆಯುವ ಉಜ್ಜುಗೊರಡು ಎಳೆದ. ಅಂಟು ಅಂಟು ಪುಡಿ ಬಂತು. ಮತ್ತೆ ಎಳೆದ. ಮತ್ತೂ ಪುಡಿ. ನಾಲ್ಕನೆಯ ಸಲಕ್ಕೆ ಜೇನುಬಣ್ಣದ ಉದ್ದನೆಯ ಸುರುಳಿಯೊಂದು ಎದ್ದು ವೀರವ್ವನ ಪಾದದ ಹತ್ತಿರ ಹೋಗಿ ಬಿತ್ತು.

ಅವಳು ಬಾಗಿ ಎತ್ತಿಕೊಂಡಳು. ಸೆರಗು ಸರಿಸಿ ಮೂಸಿದಳು. ಈ ಸಲ ದೇವದಾರಿನ ವಾಸನೆಯೇ ಬಂತು.

"ಇನ್ನ ಎಷ್ಟ ಹಲಗಿ ಅದಾವು?"

"ಹದಿನೇಳ್ರಿ."

ವೀರವ್ವ ಟ್ರಂಕನ್ನು ಕಟ್ಟೆಗೆ ತರಿಸಿಕೊಂಡು ಅದರ ಪಕ್ಕ ಕುಳಿತಳು. ಒಳಗೆ ಉಜ್ಜುಗೊರಡಿನ ಸದ್ದು ನಿಂತಾಗಲೆಲ್ಲ ಕತ್ತು ತಿರುಗಿಸುತ್ತಿದ್ದಳು. ಸೆರಗಿನ ತುದಿಯಲ್ಲಿ ಆ ಸುರುಳಿ ಗಂಟಾಗಿತ್ತು.