ಕಿಲೋಮೀಟರಿಗೆ ಸಾವಿರದ ಮುನ್ನೂರು ಹೆಜ್ಜೆ

ಅವನ ಹೆಜ್ಜೆಯ ಲೆಕ್ಕವನ್ನು ಪ್ರಶ್ನಿಸಿದವರು ಯಾರೂ ಇಲ್ಲ. ಸರ್ವೆ ಕಚೇರಿಯಲ್ಲಿ ಮೂವತ್ತಾರು ವರ್ಷ ಅಳತೆಯ ಚೈನು ಎಳೆದವನು, ಊರಿಗೆಲ್ಲ ಚೈನಣ್ಣ. ಮೂವತ್ತು ಮೀಟರಿನ ಚೈನಿಗೆ ಮೂವತ್ತೊಂಬತ್ತು ಹೆಜ್ಜೆ, ಕಿಲೋಮೀಟರಿಗೆ ಸಾವಿರದ ಮುನ್ನೂರು. ಬದುವಿನ ಮೇಲೆ ನಡೆದು ಬಂದು ಅವನು ಬಾಯಲ್ಲಿ ಹೇಳಿದ ಉದ್ದವನ್ನು ಆಮೇಲೆ ಚೈನು ಹಿಡಿದು ನೋಡಿದರೆ ಗೇಣು ಹೆಚ್ಚುಕಮ್ಮಿ ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ.

ನಿವೃತ್ತಿಯಾದ ಮರುವರ್ಷ ಹಿತ್ತಲ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡ. ಎರಡು ವರ್ಷ ಜಗಲಿಯೇ ಗತಿಯಾಯಿತು. ಕಳೆದ ವರ್ಷ ಡ್ರಿಲ್ ಮೇಷ್ಟ್ರ ನಡಿಗೆ ತಂಡ ಬೆಟ್ಟ ಹತ್ತಲು ಹೊರಟಾಗ ಅವನನ್ನೂ ವ್ಯಾನಿನಲ್ಲಿ ಕೂರಿಸಿಕೊಂಡರು. ಬೆಟ್ಟದ ಬುಡದಲ್ಲಿ ಇಳಿಸಿ, "ಚೈನಣ್ಣ, ನೀವು ಇಲ್ಲೇ ಇರಿ. ಚೀಲದ ಮೇಲೆ ಒಂದು ಕಣ್ಣಿರಲಿ" ಅಂದರು. ತುದಿಯಲ್ಲಿರುವ ಅಳತೆಗಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ನೆಟ್ಟವನೇ ಅವನು. ಅಂಥವನು ಐದು ಗಂಟೆ ಹದಿನೇಳು ಚೀಲಗಳ ನಡುವೆ ನೊಣ ಹೊಡೆಯುತ್ತ ಕೂತ.

"ಈ ವರ್ಷ ಕಾಯೋದಿಲ್ಲ, ಹತ್ತುತೀನಿ" ಎಂದು ಮೇಷ್ಟ್ರ ಮನೆ ಬಾಗಿಲಲ್ಲೇ ನಿಂತು ಹೇಳಿದ.

"ಹತ್ತಿ, ಯಾರು ಬೇಡ ಅಂದ್ರು? ಆದ್ರೆ ತಂಡದ ನಿಯಮ ಇದೆಯಲ್ಲ. ಆರು ಕಿಲೋಮೀಟರು, ಒಂದೂವರೆ ಗಂಟೆ. ನಡೆದು ತೋರಿಸಿ. ಒಬ್ಬರಿಗೋಸ್ಕರ ಹದಿನಾರು ಜನ ಬಿಸಿಲಲ್ಲಿ ನಿಲ್ಲೋಕಾಗುತ್ತಾ?"

ಅಂದಿನಿಂದ ಬೆಳಗಾದರೆ ಕೆರೆ ಏರಿ. ಎರಡು ತಿಂಗಳು ಎಣಿಸಿಕೊಂಡು ನಡೆದ. ಏಳು ಸಾವಿರದ ಎಂಟುನೂರು ಹೆಜ್ಜೆಗೆ ಆರು ಕಿಲೋಮೀಟರು ಆಗಲೇಬೇಕು. ಎಂಬತ್ತೈದು ನಿಮಿಷಕ್ಕೆ ಮುಗಿದ ದಿನ ಮನೆಗೆ ಬಂದವನು ಹೆಂಡತಿಯ ಹೊಲಿಗೆ ಮಿಷನ್ ಪಕ್ಕ ಎದೆಯುಬ್ಬಿಸಿ ನಿಂತ.

"ಮೇಷ್ಟ್ರಿಗೆ ಹೇಳಿ ಕಳಿಸೇ."

"ಮೊದಲು ಬೆವರು ಒರೆಸಿಕೊಳ್ಳಿ. ಬಟ್ಟೆ ಮೇಲೆ ಬೀಳ್ತಿದೆ" ಎಂದಳು ಅವಳು.

ಪರೀಕ್ಷೆ ಕಿಲೋಮೀಟರ್ ಕಲ್ಲುಗಳಿದ್ದ ದೊಡ್ಡ ರಸ್ತೆಯಲ್ಲಿ. ಮೂರನೇ ಕಲ್ಲು ಮುಟ್ಟಿ ತಿರುಗಿ ಬರಬೇಕು. ಮೂರು ಸಾವಿರದ ಒಂಬೈನೂರನೇ ಹೆಜ್ಜೆಗೆ ಚೈನಣ್ಣ ಗಕ್ಕನೆ ನಿಂತ.

"ಯಾಕೆ ನಿಂತ್ರಿ?" ಜೊತೆಗೆ ಬರುತ್ತಿದ್ದ ಮೇಷ್ಟ್ರು ಕೇಳಿದರು.

"ಕಲ್ಲೆಲ್ಲಿ?"

ಮೇಷ್ಟ್ರು ಕೈ ತೋರಿಸಿದರು. ಕಲ್ಲು ದೂರದ ತಿರುವಿನಲ್ಲಿ ಹಲ್ಲಿನಷ್ಟು ಬೆಳ್ಳಗೆ ಕಾಣುತ್ತಿತ್ತು. ಇನ್ನೂ ಮುಕ್ಕಾಲು ಕಿಲೋಮೀಟರು.

"ಕಲ್ಲು ನೆಟ್ಟವನಿಗೆ ಅಳತೆ ಗೊತ್ತಿಲ್ಲ" ಎಂದ ಚೈನಣ್ಣ. ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮನೆಗೆ ಬಂದವನೇ ಅಟ್ಟದಿಂದ ಗೋಣಿಚೀಲ ಇಳಿಸಿದ. ಸವೆದಿದೆಯೆಂದು ಕಚೇರಿಯವರು ಬಿಸಾಡಿದ್ದ ಚೈನು ಅದರಲ್ಲಿತ್ತು. ಹಿತ್ತಾಳೆ ಬಿಲ್ಲೆಗಳು ಕಿಲುಬು ಹಿಡಿದಿದ್ದವು. "ಬಾರೇ, ತುದಿ ಹಿಡಿ. ಆ ಕಲ್ಲಿನ ಮಾನ ಕಳೀತೀನಿ."

ಹೆಂಡತಿ ಟೇಪು ಕೊರಳಲ್ಲಿ ಹಾಕಿಕೊಂಡೇ ಎದ್ದು ಬಂದಳು. ಮೊದಲು ಮನೆಯ ಮುಂದಿನ ಓಣಿಯಲ್ಲೇ ಚೈನು ಹಾಸಿ ಅವನು ಪಕ್ಕದಲ್ಲಿ ನಡೆದ. ಮೂವತ್ತೊಂಬತ್ತು ಎಂದಾಗ ಚೈನು ಇನ್ನೂ ಉದ್ದಕ್ಕೆ ಬಿದ್ದಿತ್ತು. ತುದಿ ಮುಟ್ಟುವಷ್ಟರಲ್ಲಿ ಐವತ್ತೆರಡು.

"ಸವೆದ ಚೈನು ಉದ್ದ ಆಗುತ್ತೆ. ಕೊಂಡಿ ಸೇರಿಸೋ ಬಳೆಗಳೆಲ್ಲ ತೇದಿರುತ್ತೆ. ಇದರದ್ದೇ ತಪ್ಪು."

ಅವಳು ಬಗ್ಗಿ ತನ್ನ ಟೇಪಿನಿಂದ ಗಜಗಜ ಅಳೆಯುತ್ತ ಹೋದಳು. ಚೈನು ಹೆಚ್ಚಿದ್ದದ್ದು ನಾಲ್ಕು ಬೆರಳು. ಅಷ್ಟೇ.

"ಚೈನು ನಾಲ್ಕು ಬೆರಳು ಬೆಳೆದಿದೆ, ನಿಮ್ಮ ಹೆಜ್ಜೆ ಮುಕ್ಕಾಲಿಗೆ ಇಳಿದಿದೆ ರೀ. ದಪ್ಪಗಾದವರೂ ಬರ್ತಾರೆ ನನ್ನ ಹತ್ತಿರ, ಹಳೇ ಅಳತೇಲೇ ಹೊಲೀರಿ ಅಂತ. ಹೊಲಿದರೆ ಗುಂಡಿ ಕಿತ್ತು ಬಂದು ಅವರನ್ನೇ ಬೈಯುತ್ತೆ, ನನ್ನನ್ನಲ್ಲ."

ಅವನು ಓಣಿಯ ಮಧ್ಯೆ ಕುಕ್ಕರಗಾಲಲ್ಲಿ ಕೂತ. ಕೂತವನಿಗೆ ಏಳಲು ಗೋಡೆ ಬೇಕಾಯಿತು. ಎದ್ದವನು, "ನಿನ್ನ ಸೀಮೆಸುಣ್ಣ ಕೊಡು" ಎಂದ.

ಅವಳು ಬಟ್ಟೆಗೆ ಗುರುತು ಹಾಕುವ ಸುಣ್ಣದಿಂದಲೇ ಓಣಿಯುದ್ದಕ್ಕೂ ಗೆರೆ ಎಳೆದಳು. ವಾರಕ್ಕೊಮ್ಮೆ ಗೆರೆಯ ನಡುವಿನ ಅಂತರ ಒಂದೊಂದು ಬೆರಳು ಹೆಚ್ಚು. ಬೆಳಿಗ್ಗೆ ಸಂಜೆ ಅವನು ಗೆರೆಯಿಂದ ಗೆರೆಗೆ ಕಾಲಿಟ್ಟ. ಅಕ್ಕಪಕ್ಕದವರು "ಈ ವಯಸ್ಸಿಗೆ ಕುಂಟೆಬಿಲ್ಲೆಯಾ?" ಎಂದರು. "ಬನ್ನಿ, ಒಬ್ಬರು ಕಮ್ಮಿ ಇದ್ದೀವಿ" ಎಂದ. ಬೆಟ್ಟದ ದಿನ ಬರುವ ಹೊತ್ತಿಗೆ ಚೈನಿಗೆ ನಲವತ್ತಾರು ಹೆಜ್ಜೆ. ಮೂವತ್ತೊಂಬತ್ತಲ್ಲ. ಮೇಷ್ಟ್ರ ಮುಂದೆ ದೊಡ್ಡ ರಸ್ತೆಯಲ್ಲಿ ಮತ್ತೊಮ್ಮೆ ನಡೆದಾಗ ಆರು ಕಿಲೋಮೀಟರಿಗೆ ನೂರೈದು ನಿಮಿಷ.

ಮೇಷ್ಟ್ರು ಕೈಗಡಿಯಾರ ನೋಡಿ ತಲೆಯಾಡಿಸಿದರು. "ಹದಿನೈದು ನಿಮಿಷ ಜಾಸ್ತಿ ಆಯ್ತಲ್ಲ, ಚೈನಣ್ಣ. ವ್ಯಾನಿನಲ್ಲಿ ನಿಮಗೆ ಜಾಗ ಇಟ್ಟಿರ್ತೀನಿ."

"ನಿಮ್ಮ ನಿಯಮ ನೀವು ಇಟ್ಟುಕೊಳ್ಳಿ ಮೇಷ್ಟ್ರೇ. ಒಬ್ಬರಿಗೋಸ್ಕರ ಹದಿನಾರು ಜನ ನಿಲ್ಲಬಾರದು, ಅಲ್ವಾ? ನಿಲ್ಲೋದು ಬೇಡ. ನಾನು ನಿಮಗಿಂತ ಮೊದಲೇ ಹೊರಡ್ತೀನಿ."

ಭಾನುವಾರ ಕೋಳಿ ಕೂಗುವ ಹೊತ್ತಿಗೆ ಹಾಲಿನ ವ್ಯಾನು ಹತ್ತಿದ. ಹೆಂಡತಿ ಕೋಲು ಕೊಟ್ಟಳು. "ಹಳೇ ಅಳತೆ ಮನೇಲಿ ಇಟ್ಟು ಹೋಗಿ" ಎಂದಳು.

ಬೆಟ್ಟದಲ್ಲಿ ಅವನು ಕಿಲೋಮೀಟರು ಎಣಿಸಲಿಲ್ಲ. ನೂರು ಹೆಜ್ಜೆ, ಒಂದು ಉಸಿರು, ಮತ್ತೆ ನೂರು. ಒರಟು ಬಂಡೆಯ ಹತ್ತಿರ ಮೊಣಕಾಲು ಬೇಡವೆಂದಿತು. "ನಿನ್ನನ್ನು ಯಾರು ಕೇಳಿದರು?" ಎಂದು ಅದಕ್ಕೆ ಬೈದ. ಕೆಳಗೆ ತಂಡದ ವ್ಯಾನಿನ ಹಾರನ್ ಕೇಳಿದಾಗ ಅರ್ಧ ದಾಟಿದ್ದ. ಹಿಂದಿನಿಂದ ಮಾತು, ನಗು ಹತ್ತಿರ ಹತ್ತಿರ ಬಂದವು. ಅವನು ತಿರುಗಿ ನೋಡಲಿಲ್ಲ.

ಮೇಷ್ಟ್ರು ಏದುಸಿರು ಬಿಡುತ್ತ ತುದಿ ತಲುಪಿದಾಗ ಚೈನಣ್ಣ ಅಳತೆಗಲ್ಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದ.

"ಬನ್ನಿ ಮೇಷ್ಟ್ರೇ. ಚೀಲ ಯಾರು ಕಾಯ್ತಿದ್ದಾರೆ?"

"ವ್ಯಾನಿನೊಳಗೇ ಇಟ್ಟು ಬೀಗ ಹಾಕಿ ಬಂದ್ವಿ."

ಚೈನಣ್ಣ ನೀರಿನ ಬಾಟಲಿ ಅವರ ಕಡೆ ಚಾಚಿದ. "ಓಹೋ, ಬೀಗ ಇದೆಯಾ? ಹೋದ ವರ್ಷ ಅದು ಎಲ್ಲಿ ಹೋಗಿತ್ತು?"