ಫ್ರಿಜ್ಜಿನ ಪಕ್ಕ ಮಲಗುವವರು

ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಸೊಸೆ ಮಾಡುತ್ತಿದ್ದ ಮೊದಲ ಕೆಲಸ, ಫ್ರಿಜ್ಜಿನ ಬಾಗಿಲು ತೆಗೆದು ಮಾವನ ಇನ್ಸುಲಿನ್ ಡಬ್ಬಿಯನ್ನು ಹೊರಗಿಡುವುದು. ತಣ್ಣಗಿರುವಾಗಲೇ ಚುಚ್ಚಿದರೆ ಉರಿ ಜಾಸ್ತಿ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು. ಹಾಗಾಗಿ ಡಬ್ಬಿ ಒಂದು ಗಂಟೆ ಅವಳ ಹೊಲಿಗೆ ಮಷೀನಿನ ಮೇಲೆ ಕೂತಿರುತ್ತಿತ್ತು. ಅಷ್ಟರಲ್ಲಿ ಟೀ, ತಿಂಡಿ, ಗಂಡನ ಊಟದ ಡಬ್ಬಿ ಎಲ್ಲ ಆಗಬೇಕು. ಗಂಡ ಪ್ರಿಂಟಿಂಗ್ ಪ್ರೆಸ್ಸಿಗೆ ಹೊರಟ ಮೇಲೆ ಮಾವನ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಎಷ್ಟಿದೆಯೆಂದು ನೋಡುವಳು.

ಆ ದಿನ ಮುನ್ನೂರ ಹನ್ನೆರಡು ಬಂತು.

"ಮಾವ, ನಿನ್ನೆ ಏನು ತಿಂದ್ರಿ? ನಿಜ ಹೇಳಿ."

"ನೀನು ಕೊಟ್ಟಿದ್ದೇ ತಿಂದೆ ಕಣಮ್ಮ."

"ನಾನು ಕೊಟ್ಟಿದ್ದಕ್ಕೆ ಮುನ್ನೂರು ಬರುತ್ತಾ?"

ಮಾವ ಅಂಗಿ ಸ್ವಲ್ಪ ಮೇಲೆತ್ತಿ ಹೊಟ್ಟೆ ತೋರಿಸಿದರು. ಅವಳು ಶೀಷೆಯನ್ನು ಅಂಗೈಯಲ್ಲಿ ಉರುಳಿಸಿ, ಗಾಜಿಗೆ ಅಂಟಿಕೊಂಡ ಹಿಟ್ಟಿನಂಥ ಕಣಗಳು ಕರಗಲೆಂದು ಇನ್ನೊಂದಿಷ್ಟು ಉರುಳಿಸಿ, ಸೂಜಿ ಚುಚ್ಚಿದಳು. ಎರಡು ತಿಂಗಳಿಂದ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಹೀಗೇ ನಡೆದಿತ್ತು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು ಈ ಮಾವ. ಹಾರನ್ ಬಾರಿಸುವುದೆಂದರೆ ಅವರಿಗೆ ಆಗದು. ಎದುರಿಗೆ ಎಮ್ಮೆ ಮಲಗಿದ್ದರೂ ಅದು ತಾನಾಗಿ ಏಳಲಿ ಎಂದು ಕಾಯುತ್ತಿದ್ದರಂತೆ. ಅದಕ್ಕೇ ಯಾರೋ ಕಂಡಕ್ಟರ್ ತಮಾಷೆಗೆ 'ಹಾರನ್' ಎಂದು ಹೆಸರಿಟ್ಟ. ಈಗ ಬೀದಿಗೆಲ್ಲ ಅವರು ಹಾರನ್ ತಾತ. ಇಂಥ ಮನುಷ್ಯನನ್ನು ಸೊಸೆ ಎರಡು ತಿಂಗಳಿಂದ ಕಳ್ಳನ ಹಾಗೆ ಕಾಯುತ್ತಿದ್ದಳು. ಕೆಟ್ಟವಳು ಎಂದು ಮಾತ್ರ ಅನ್ನಬೇಡಿ. ಅತ್ತೆ ಹೋದ ಮೇಲೆ ಮಾವನ ಮಾತ್ರೆ, ಪಥ್ಯ, ಸೂಜಿ ಎಲ್ಲವನ್ನೂ ಹೊತ್ತವಳು ಅವಳೇ. ಕಾಲಿನ ಹೆಬ್ಬೆರಳ ಪಕ್ಕ ಎದ್ದ ಹುಣ್ಣು ಒಣಗುತ್ತಿಲ್ಲವಲ್ಲ ಎಂದು ಅವಳಿಗೆ ಹೆದರಿಕೆ. ಡಾಕ್ಟರು ಆಗಲೇ ಒಮ್ಮೆ ಔಷಧಿಯ ಪ್ರಮಾಣ ಹೆಚ್ಚಿಸಿದ್ದರು. ಸಮನೆಲದಲ್ಲಿ ಇಪ್ಪತ್ತು ನಿಮಿಷ ನಿಧಾನವಾಗಿ ನಡೆದರೆ ಸಾಕು, ಹದಿನೈದು ದಿನದಲ್ಲಿ ಸಕ್ಕರೆ ಇಳಿಯದಿದ್ದರೆ ಬೆರಳನ್ನು ಸರ್ಜನ್ನರಿಗೆ ತೋರಿಸಬೇಕಾಗುತ್ತದೆ ಎಂದೂ ಹೇಳಿ ಕಳಿಸಿದ್ದರು. ಆ ಮಾತು ಕೇಳಿದ ಮೇಲೆ ಅವಳಿಗೆ ಅನ್ನ ರುಚಿಸಲಿಲ್ಲ.

ಹೆದರಿಕೆ ಅನುಮಾನವಾಗಲು ಎಷ್ಟು ಹೊತ್ತು ಬೇಕು? ಬಿಸ್ಕತ್ತಿನ ಡಬ್ಬಿಗೆ ಬೀಗ ಬಿತ್ತು. ಒಗೆಯುವ ನೆಪದಲ್ಲಿ ಅಂಗಿಯ ಜೇಬುಗಳನ್ನು, ಹೊದಿಕೆ ಕೊಡವುವ ನೆಪದಲ್ಲಿ ದಿಂಬಿನ ಅಡಿಯನ್ನು ನೋಡಿದಳು. ಏನೂ ಸಿಗಲಿಲ್ಲ. ಸಿಗದ್ದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು. ಕೊನೆಗೆ ತಿರುವಿನ ಬೇಕರಿಗೇ ಹೋಗಿ, "ನಮ್ಮ ಮಾವ ಬಂದ್ರೆ ಏನೂ ಕೊಡಬೇಡಿ, ಮನೇಲಿ ಗೊತ್ತಾಗದ ಹಾಗೆ ಕದ್ದು ತಿಂತಾರೆ" ಎಂದು ಹೇಳಿಬಂದಳು. ಮಾವನ ಜೊತೆ ದಿನಾ ಟೀ ಕುಡಿಯುವ ಮೂವರು ಆಗ ಅಲ್ಲೇ ಬೆಂಚಿನ ಮೇಲಿದ್ದರು. ಅದಾದ ಮೇಲೆ ಮಾವನ ಇಪ್ಪತ್ತು ನಿಮಿಷದ ವಾಕಿಂಗು ನಲವತ್ತು ನಿಮಿಷವಾಯಿತು. ಸೊಸೆ ಗಡಿಯಾರ ನೋಡಿ ಲೆಕ್ಕ ಹಾಕಿದಳು. ಇಲ್ಲಿ ಸಿಗದ್ದನ್ನು ಇನ್ನೆಲ್ಲೋ ಹೋಗಿ ತಿನ್ನುತ್ತಿದ್ದಾರೆ, ಮತ್ತೇನು?

ಗಂಡನದು ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು. ಅಪ್ಪ ಸುಳ್ಳು ಹೇಳುವವರಲ್ಲ ಎನ್ನುವನು. ಹಾಗಾದರೆ ಸಕ್ಕರೆ ಎಲ್ಲಿಂದ ಬಂತು ಎಂದು ಹೆಂಡತಿ ಕೇಳಿದರೆ ಚಪ್ಪಲಿ ಹುಡುಕುವನು.

ಮಾವ ಈ ನಡುವೆ ಹೇಳಿದ್ದು ಇನ್ನೊಂದೇ ಮಾತು. ಅಡುಗೆಮನೆಯಲ್ಲಿ ಜಾಗವಿಲ್ಲದೆ ಫ್ರಿಜ್ಜು ನಡುಮನೆಯಲ್ಲಿತ್ತು, ಮಾವನ ಮಂಚದ ತಲೆದೆಸೆಗೆ. ಅದು ಉಸಿರು ತಗೊಳ್ಳುತ್ತಿಲ್ಲ, ಮೊದಲೆಲ್ಲ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು, ಈಗ ಹಗಲೂ ರಾತ್ರಿ ಒಂದೇ ಸಮ ಓಡುತ್ತಿದೆ ಎಂದು ಅವರು ಎರಡು ಮೂರು ಸಲ ಹೇಳಿದ್ದರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ತಿಂದದ್ದನ್ನೇ ಒಪ್ಪಿಕೊಳ್ಳದವರ ಮಾತು ಫ್ರಿಜ್ಜಿನ ವಿಷಯದಲ್ಲಿ ಮಾತ್ರ ನಿಜವಾಗಿರುತ್ತದೆಯೇ? ಅಲ್ಲದೆ ಫ್ರಿಜ್ಜು ಚೆನ್ನಾಗಿಯೇ ತಣ್ಣಗಿಡುತ್ತಿತ್ತು. ಹಾಲಿನ ಪ್ಯಾಕೆಟ್ಟಿನಲ್ಲಿ ಐಸು ಕಟ್ಟಿದಾಗ, ಬೇರೆಯವರ ಮನೆಯಲ್ಲಿ ಹಾಲು ಒಡೆಯುತ್ತದೆ, ನಮ್ಮಲ್ಲಿ ನೋಡಿ ಎಂದು ಪಕ್ಕದ ಮನೆಯವಳ ಮುಂದೆ ಜಂಬವನ್ನೂ ಕೊಚ್ಚಿದ್ದಳು.

ಜಂಬ ಇಳಿದದ್ದು ಒಂದು ಮಧ್ಯಾಹ್ನ. ಅವಳು ರವಿಕೆಗೆ ಗುಂಡಿ ಹಚ್ಚುತ್ತಿದ್ದಾಗ ಫ್ರಿಜ್ಜಿನೊಳಗೆ ಪಟ್ ಎಂದಿತು. ತೆಗೆದು ನೋಡಿದರೆ ಗಾಜಿನ ನೀರಿನ ಬಾಟಲಿ ಸೀಳಿಹೋಗಿತ್ತು. ಒಳಗಿನ ನೀರು ಬಾಟಲಿಯ ಆಕಾರದಲ್ಲೇ ಕಲ್ಲಾಗಿ ನಿಂತಿತ್ತು. ಹೆಪ್ಪುಗಟ್ಟಿದ ಸೌತೆಕಾಯಿ ಮುರಿದರೆ ಲಟ್ಟೆಂದಿತು. ಆಗ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು.

ಮೆಕ್ಯಾನಿಕ್ ಮೊದಲು ಮಾಡೆಲ್ ನಂಬರ್ ಕೇಳಿದ. ಅವಳು ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದನ್ನು ಓದಿ, ನಾಲ್ಕು ಸ್ಟಾರಿದೆ ಎಂದೂ ಸೇರಿಸಿದಳು.

"ಅದು ಬಿರುದು ಕಣಮ್ಮ, ಹೆಸರಲ್ಲ. ತರಕಾರಿ ಡಬ್ಬ ಈಚೆ ಎಳೀರಿ. ಒಳಗಡೆ ಗೋಡೆ ಮೇಲೆ ಸಣ್ಣ ಚೀಟಿ ಇರುತ್ತೆ, ಅದರ ಫೋಟೋ ಕಳಿಸಿ."

ಅವನು ಹೇಳಿದಲ್ಲೇ ಚೀಟಿ ಇತ್ತು. ಇಷ್ಟು ವರ್ಷ ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆದರೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಸಂಜೆ ಬಂದ ಮೆಕ್ಯಾನಿಕ್ ಐವತ್ತು ದಾಟಿದ, ಆತುರವಿಲ್ಲದ ಮನುಷ್ಯ. ಚೀಲ ಬಿಚ್ಚಲಿಲ್ಲ, ಬಾಗಿಲೂ ತೆಗೆಯಲಿಲ್ಲ. ಸುತ್ತಲೂ ಒಮ್ಮೆ ನೋಡಿ, "ಫ್ರಿಜ್ಜಿನ ಪಕ್ಕ ಯಾರು ಮಲಗ್ತಾರೆ?" ಎಂದು ಕೇಳಿದ. ಯಾಕೆ ಎಂದಳು. "ಬಾಗಿಲು ತೆಗೆಯೋರಿಗೆ ಏನು ಗೊತ್ತಮ್ಮ? ಅವರು ಒಂದು ನಿಮಿಷ ನೋಡ್ತಾರೆ. ಪಕ್ಕ ಮಲಗೋರು ಇಡೀ ರಾತ್ರಿ ಕೇಳಿರ್ತಾರೆ. ನಾನು ಮೊದಲು ಅವರನ್ನೇ ಕೇಳೋದು."

ಮಂಚದ ಮೇಲೆ ಕೂತಿದ್ದ ಮಾವ ತಲೆಯೆತ್ತಿದರು. ಆಮೇಲೆ ಅವರು ಹೇಳಿದ್ದನ್ನೆಲ್ಲ ಮೆಕ್ಯಾನಿಕ್ ಹೂಂಗುಡುತ್ತಾ ಕೇಳಿದ. ಮೊದಲು ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತಿತ್ತು, ನಿಲ್ಲುವ ಮುಂಚೆ ಟಕ್ ಎನ್ನುತ್ತಿತ್ತು, ಆ ಟಕ್ ಕೇಳದೆ ಎರಡು ತಿಂಗಳ ಮೇಲಾಯಿತು, ಕರೆಂಟು ಹೋದಾಗ ಬಿಟ್ಟರೆ ಅದಕ್ಕೆ ಬಿಡುವಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಮೂವತ್ತೊಂದು ವರ್ಷ ಬದುಕಿದವರ ವರದಿ ಅದು. ಮೆಕ್ಯಾನಿಕ್ ಒಳಗಿನ ಗುಂಡಿಯನ್ನು ಕಡಿಮೆಗೆ ತಿರುಗಿಸಿದ, ಪೂರ್ತಿ ಆಫ್‌ಗೂ ತಿರುಗಿಸಿದ. ಮಷೀನು ಗುಂಯ್ ಎನ್ನುತ್ತಲೇ ಇತ್ತು.

"ಯಜಮಾನ್ರು ಅರ್ಧ ಕೆಲಸ ಮುಗಿಸಿಬಿಟ್ರು," ಎಂದ ಅವನು. "ಥರ್ಮೋಸ್ಟಾಟ್ ಕಚ್ಚಿಕೊಂಡಿದೆ. ಅದರ ಕೆಲಸ ಒಂದೇ, ತಣ್ಣಗಾದ ಮೇಲೆ ಸಾಕು ಅನ್ನೋದು. ಅದನ್ನೇ ಮರೆತಿದೆ."

ಸೊಸೆಗೆ ಮಾವನ ಮುಖ ನೋಡಲಾಗಲಿಲ್ಲ. ಫ್ರಿಜ್ಜಿನ ಮಾತಿನಲ್ಲಾದರೂ ಅವರು ನಿಜ ಹೇಳಿದ್ದರು. ಅವಳು ಸಾಮಾನುಗಳನ್ನು ಒಂದೊಂದಾಗಿ ಹೊರಗಿಡತೊಡಗಿದಳು. ಐಸ್ ಖಾನೆಯ ಅಡಿಗೇ ಇರುವ ಪುಟ್ಟ ಟ್ರೇಯಿಂದ ಇನ್ಸುಲಿನ್ ಡಬ್ಬಿಯನ್ನು ಮೆಕ್ಯಾನಿಕ್ಕೇ ತೆಗೆದ. ರಟ್ಟಿನ ಮೇಲೆ ಬಿಳಿಯ ಹಿಮ ಕೂತಿತ್ತು.

"ಇದನ್ನ ಯಾರಮ್ಮ ಇಲ್ಲಿಟ್ಟಿದ್ದು?"

"ನಾನೇ. ಎಲ್ಲಕ್ಕಿಂತ ತಣ್ಣಗಿರೋ ಜಾಗ ಅಂತ."

"ನಮ್ಮಮ್ಮನಿಗೂ ಇದೇ ಔಷಧಿ ಇತ್ತು. ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ ಅಂತಿದ್ರು. ಔಷಧಿ ಅಂಗಡೀಲಿ ಒಂದು ಮಾತು ಕೇಳಿ."

ಡಬ್ಬಿಯೊಳಗೆ ಮಡಚಿದ ಚೀಟಿಯೊಂದು ಯಾವಾಗಲೂ ಇರುತ್ತಿತ್ತು. ಅವಳು ಬಿಚ್ಚಿದ್ದು ಅದೇ ಮೊದಲು. ಐಸು ಕಟ್ಟಲು ಬಿಡಬಾರದು, ಕಟ್ಟಿದ್ದನ್ನು ಬಳಸಬಾರದು ಎಂದು ದಪ್ಪಕ್ಷರದಲ್ಲಿತ್ತು. ಆದರೂ ಅಂಗಡಿಗೆ ಫೋನು ಮಾಡಿದಳು. ಕರಗಿದ ಮೇಲೆ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಶಕ್ತಿ ಮಾತ್ರ ಇರುವುದಿಲ್ಲ, ಗಾಜಿಗೆ ಕಣಗಳು ಅಂಟುವುದೂ ಅದಕ್ಕೇ ಎಂದರು ಅವರು. ಅದನ್ನೆಲ್ಲ ಎಸೆದು ಹೊಸದು ತಗೊಳ್ಳಿ. ಆದರೆ ಪ್ರಮಾಣ ಹೆಚ್ಚಿಸಿದ್ದಾರಲ್ಲ, ಡಾಕ್ಟರನ್ನು ಕೇಳದೆ ಅಷ್ಟನ್ನೇ ಕೊಡಬೇಡಿ ಎಂದೂ ಎಚ್ಚರಿಸಿದರು.

ಎರಡು ತಿಂಗಳು, ದಿನಕ್ಕೆರಡು ಸಲ, ಬರೀ ನೀರನ್ನು ಚುಚ್ಚಿ, ಏನು ತಿಂದಿರಿ ಎಂದು ಕೇಳಿದ್ದಳು. ಅವರು ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದುದು ಕಣ್ಣ ಮುಂದೆ ಬಂತು.

"ಮಾವ..." ಎಂದಳು.

"ಮೊದಲು ಡಾಕ್ಟರಿಗೆ ಫೋನ್ ಮಾಡಮ್ಮ," ಎಂದರು ಮಾವ.

ಡಾಕ್ಟರು ಹಳೆಯ ಪ್ರಮಾಣಕ್ಕೇ ಇಳಿಸಿದರು. ಅಂಗಡಿಯವರ ಮಾತಿನಂತೆ ಹೊಸದಾಗಿ ತಂದ ಶೀಷೆಯನ್ನು ಫ್ರಿಜ್ಜು ಸರಿಯಾಗುವ ತನಕ ಬಿಸಿಲು ತಾಗದ ತಂಪು ಮೂಲೆಯಲ್ಲಿಟ್ಟಳು. ಮರುದಿನ, ಮೆಕ್ಯಾನಿಕ್ ಬಿಚ್ಚಿಕೊಟ್ಟಿದ್ದ ಥರ್ಮೋಸ್ಟಾಟನ್ನು ಚೀಲಕ್ಕೆ ಹಾಕಿಕೊಂಡು ಬಿಡಿಭಾಗದ ಅಂಗಡಿಗೆ ಅವಳೇ ಹೊರಟಳು. ಮೆಕ್ಯಾನಿಕ್ಕಿಗೆ ಬೇರೆ ಮನೆಯ ಕೆಲಸವಿತ್ತು. ಹಳೆಯದನ್ನು ತೋರಿಸಿ, ಮೈಮೇಲಿನ ನಂಬರ್ ಹೊಂದಬೇಕು, ತುದಿಯ ತಂತಿಯಂಥ ನಳಿಗೆ ಐಸ್ ಖಾನೆಯವರೆಗೆ ಮುಟ್ಟಬೇಕು, ಎಲ್ಲ ಒಂದೇ ಅಂದರೆ ನಂಬಬೇಡಿ ಎಂದು ಹೇಳಿ ಕಳಿಸಿದ್ದ.

ಅಂಗಡಿಯವನು ಹಳೆಯದರ ಕಡೆ ಅರ್ಧ ಕಣ್ಣು ಹಾಯಿಸಿ ಒಂದನ್ನು ತೆಗೆದಿಟ್ಟ. ನೋಡಲು ತದ್ರೂಪ. "ಎಲ್ಲಾ ಒಂದೇ ಕಣಮ್ಮ, ಹಾಕ್ಕೊಳ್ಳಿ" ಎಂದ. ಅವಳು ಚೀಲದಿಂದ ಟೇಪು ತೆಗೆದಳು. ಹೊಲಿಗೆಯವಳ ಚೀಲದಲ್ಲಿ ಟೇಪು ಇರದೆ ಏನಿರುತ್ತದೆ? ಎರಡು ನಳಿಗೆಗಳನ್ನೂ ಕೌಂಟರಿನ ಗಾಜಿನ ಮೇಲೆ ಚಾಚಿ ಅಳೆದರೆ ಹೊಸದು ಒಂದು ಗೇಣು ಗಿಡ್ಡ. ನಂಬರಿನ ಕೊನೆಯ ಅಕ್ಷರವೂ ಬೇರೆ. ಅಂಗಡಿಯವನು ತಲೆ ಕೆರೆದುಕೊಂಡು ಒಳಗೆ ಹೋದ, ಮೂರು ಡಬ್ಬ ಕೆದಕಿ ಸರಿಯಾದದ್ದನ್ನು ತಂದ. ನೋಡಿದ ಕೂಡಲೇ ತೀರ್ಮಾನಕ್ಕೆ ಬರುವುದು ತನಗೇನು ಹೊಸತೇ ಎಂದುಕೊಳ್ಳುತ್ತಾ ಅವಳು ಬಸ್ಸು ಹತ್ತಿದಳು.

ಸಂಜೆ ಮೆಕ್ಯಾನಿಕ್ ಅದನ್ನು ಕೂರಿಸಿ, ನೀರು ತುಂಬಿದ ಲೋಟದಲ್ಲಿ ಥರ್ಮಾಮೀಟರ್ ಇಟ್ಟು ಬಾಗಿಲು ಮುಚ್ಚಿದ. ಬೆಳಿಗ್ಗೆ ನೋಡಿ, ನಾಲ್ಕೈದು ಡಿಗ್ರಿ ಇದ್ದರೆ ಸರಿ, ಔಷಧಿಯನ್ನು ನಡುವಿನ ಶೆಲ್ಫಿನಲ್ಲಿಡಿ ಎಂದು ಹೇಳಿದ. ಟೀ ಕೊಟ್ಟರೂ ಹೊರಡಲಿಲ್ಲ. ಮಂಚದ ತುದಿಯಲ್ಲಿ ಮಾವನ ಜೊತೆ ಸುಮ್ಮನೆ ಕೂತ. ಪ್ರೆಸ್ಸಿನಿಂದ ಬಂದ ಮಗ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಬಹಳ ಹೊತ್ತು ಓಡಿದ ಮೇಲೆ ಒಳಗಿನಿಂದ ಟಕ್ ಎಂದು ಕೇಳಿಸಿತು, ಮಷೀನು ಮೈ ಕೊಡವಿ ನಿಂತಿತು. ಎರಡು ತಿಂಗಳಿಂದ ಮನೆ ತುಂಬಿದ್ದ ಗುಂಯ್ ಸದ್ದು ಇಲ್ಲವಾದಾಗ ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದದ್ದೂ ಕೇಳಿಸಿತು.

"ಹಾಂ, ಉಸಿರು ಬಿಡ್ತು ನೋಡು," ಎಂದರು ಮಾವ. ನಕ್ಕರು. ಸೊಸೆಗೆ ಅಳು ಬಂತು, ಜೊತೆಗೇ ನಗುವೂ ಬಂತು.

ನಾಲ್ಕನೆಯ ದಿನ ಸಕ್ಕರೆ ಇನ್ನೂರರ ಕೆಳಗಿಳಿಯಿತು. ಹತ್ತನೆಯ ದಿನ ನೂರ ನಲವತ್ತು. ಹುಣ್ಣಿನ ಅಂಚು ಒಣಗುತ್ತಿದೆ, ಸರ್ಜನ್ನರ ಹತ್ತಿರ ಹೋಗುವ ಅಗತ್ಯವಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಎಷ್ಟೋ ದಿನಗಳ ಭಾರ ಒಮ್ಮೆಗೇ ಇಳಿದಿತ್ತು. ಮನೆಗೆ ಬಂದವಳೇ ಬಿಸ್ಕತ್ತಿನ ಡಬ್ಬಿಯ ಬೀಗದ ಕೈ ತಂದು ಮಾವನ ಅಂಗೈಯಲ್ಲಿಟ್ಟಳು.

"ನಂಬಲಿಲ್ಲ ನಾನು. ಹೊಟ್ಟೆಗೆ ಹಾಕ್ಕೊಳ್ಳಿ ಮಾವ."

"ಹೊಟ್ಟೆಗೆ ಏನು ಹಾಕ್ಕೊಂಡ್ರೂ ನೀನು ಕೇಳ್ತೀಯಲ್ಲ," ಎಂದರು ಅವರು. ಬೀಗದ ಕೈಯನ್ನು ಅವಳಿಗೇ ವಾಪಸು ಕೊಟ್ಟು, ಡಬ್ಬಿಗೆ ಬೀಗ ಬೇಡ, ತಿನ್ನುವುದು ಬಿಡುವುದು ತಮಗೆ ಗೊತ್ತಿದೆ ಎಂದರು.

ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು. ಸಂಜೆ ಬ್ರೆಡ್ಡು ತರಲು ಬೇಕರಿಗೆ ಹೋದಾಗ ಬೇಕರಿಯವನೇ ಮಾವನ ಸುದ್ದಿ ತೆಗೆದ. "ತಾತ ಚೆನ್ನಾಗಿದ್ದಾರಾ ಅಕ್ಕ? ನೀವು ಹೇಳಿಹೋದ ಮೇಲೆ ಈ ಕಡೆ ಕಾಲಿಡಲೇ ಇಲ್ಲ. ಹಿಂದಿನ ರಸ್ತೆಯಿಂದ ಸುತ್ತಿ ಹೋಗ್ತಾರೆ."

ಹಿಂದಿನ ರಸ್ತೆಯೆಂದರೆ ಗುಂಡಿ, ಜಲ್ಲಿ, ಅರ್ಧ ಅಗೆದ ಚರಂಡಿ. ದೂರವೂ ಎರಡರಷ್ಟು. ನಲವತ್ತು ನಿಮಿಷ ಎಲ್ಲಿಂದ ಬಂತೆಂದು ಅವಳಿಗೆ ಆಗ ತಿಳಿಯಿತು. ಬೆಂಚಿನ ಮೇಲಿನ ಮೂವರಿಗೆ ಮುಖ ತೋರಿಸಲಾಗದೆ, ಹುಣ್ಣಿನ ಕಾಲನ್ನು ಎಳೆಯುತ್ತಾ ಅವರು ಆ ಜಲ್ಲಿಯ ಮೇಲೆ ನಡೆದಿದ್ದರು. ಅವಳು ಬ್ರೆಡ್ಡು ತಗೊಳ್ಳುವುದನ್ನೇ ಮರೆತು ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಮಾವ ಹೊರಟಾಗ ತಾನೂ ಚಪ್ಪಲಿ ಹಾಕಿಕೊಂಡಳು. ಬೀದಿಯ ಕೊನೆಯಲ್ಲಿ ಮಾವ ಅಭ್ಯಾಸದಂತೆ ಹಿಂದಿನ ರಸ್ತೆಗೆ ತಿರುಗಿದರು.

"ಈ ಕಡೆ ಬನ್ನಿ ಮಾವ," ಎಂದಳು.

ಅವರು ಒಂದು ಗಳಿಗೆ ನಿಂತರು, ಆಮೇಲೆ ಬಂದರು. ಬೇಕರಿಯ ಬೆಂಚಿನ ಮೇಲೆ ಅದೇ ಮೂವರಿದ್ದರು. ಸೊಸೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವತ್ತು ಇಲ್ಲೇ ನಿಂತು ನಮ್ಮ ಮಾವ ಕದ್ದು ತಿಂತಾರೆ ಅಂದಿದ್ದೆ. ಅವರು ಒಂದು ಚೂರೂ ತಿಂದಿರಲಿಲ್ಲ. ಕೆಟ್ಟಿದ್ದು ಫ್ರಿಜ್ಜು, ಅದರಲ್ಲಿ ಔಷಧಿ ಹಾಳಾಗಿತ್ತು. ವಿಚಾರಿಸದೆ ಮಾತಾಡಿದ್ದು ನಾನು."

ಬೆಂಚಿನ ಮೇಲಿದ್ದ ಒಬ್ಬರು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಮಾವ ಕಣ್ಣೊರೆಸಿಕೊಂಡದ್ದನ್ನು ಅವಳು ನೋಡಿದಳು.

"ಆಯ್ತಮ್ಮ, ರೋಡಿನ ಮಧ್ಯೆ ಗಾಡಿ ನಿಲ್ಲಿಸಿದ್ದೀಯ. ಹಿಂದಿನೋರಿಗೆ ದಾರಿ ಬಿಡು," ಎಂದರು ಮಾವ, ಬೆಂಚಿನ ಮೇಲೆ ಕೂರುತ್ತಾ. ಹಿಂದೆ ಬ್ರೆಡ್ಡಿಗೆ ಬಂದಿದ್ದ ಇಬ್ಬರು ನಿಜವಾಗಿಯೂ ಕಾಯುತ್ತಿದ್ದರು. ಬೇಕರಿಯವನು ಕೇಳದೆಯೇ ಸಕ್ಕರೆಯಿಲ್ಲದ ಟೀ ತಂದು ತಾತನ ಕೈಗಿತ್ತ.

ಸೊಸೆ ಮನೆಗೆ ಬಂದು ಹೊಲಿಗೆ ಮಷೀನಿನ ಮುಂದೆ ಕೂತಳು. ಮಾವ ಎಷ್ಟು ಹೊತ್ತಿಗೆ ಬಂದರೆಂದು ಆ ದಿನ ಅವಳು ಗಡಿಯಾರ ನೋಡಲಿಲ್ಲ.